ಕಾನೂನು ಮುರಿದರೆ ಅನುದಾನ ಇಲ್ಲ: ಐರೋಪ್ಯ ಒಕ್ಕೂಟದ ನಿಯಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಐರೋಪ್ಯ ಒಕ್ಕೂಟದಲ್ಲಿ 27 ದೇಶಗಳಿವೆ. ಎಲ್ಲವೂ ಸೇರಿ ಒಂದು ಖಜಾನೆಗೆ ಹಣ ಹಾಕುತ್ತವೆ. ರಸ್ತೆ, ರೈಲು, ಕೃಷಿ, ಸಂಶೋಧನೆಗೆಲ್ಲ ಅಲ್ಲಿಂದಲೇ ಹಣ ಹೋಗುತ್ತದೆ. ಒಂದು ದೇಶದ ಸರ್ಕಾರ ಕೋರ್ಟುಗಳನ್ನು ಕೈವಶ ಮಾಡಿಕೊಂಡು, ಟೆಂಡರುಗಳನ್ನು ತನ್ನವರಿಗೇ ಹಂಚುತ್ತಿದ್ದರೂ ಅದಕ್ಕೆ ಹಣ ಕಳಿಸುತ್ತಲೇ ಇರಬೇಕಾ? ಹಂಗೆರಿ ಮತ್ತು ಪೋಲೆಂಡ್ ಕಾರಣಕ್ಕೆ ಹತ್ತು ವರ್ಷ ಎಳೆದಾಡಿದ ಪ್ರಶ್ನೆ ಇದು. ಈ ವಿಷಯ ಓದುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಚುಟುಕಾಗಿ ಹೇಳಿ, ಏನಿದು ನಿಯಮ?

2020ರ ಡಿಸೆಂಬರ್ 16ರಂದು ಒಪ್ಪಿಗೆ ಪಡೆದು, 2021ರ ಜನವರಿ 1ರಿಂದ ಜಾರಿಗೆ ಬಂದ ಒಂದು ಕಾನೂನು. ಸಂಖ್ಯೆ 2020/2092. ಒಂದು ಸದಸ್ಯ ದೇಶದಲ್ಲಿ ಕಾನೂನಿನ ಆಳ್ವಿಕೆ ಕುಸಿದು, ಅದರಿಂದ ಒಕ್ಕೂಟದ ಹಣ ಪೋಲಾಗುವ ಗಂಭೀರ ಅಪಾಯ ಇದ್ದರೆ, ಆ ದೇಶಕ್ಕೆ ಹೋಗುವ ಹಣವನ್ನು ತಡೆಹಿಡಿಯಬಹುದು. ನ್ಯಾಯಾಧೀಶರನ್ನು ಕಿತ್ತುಹಾಕಿದರು ಅಂತ ಹೇಳಿದರೆ ಮಾತ್ರ ಸಾಲದು. ಅದರಿಂದ ಖಜಾನೆಗೆ ನೇರವಾಗಿ ಏನು ಪೆಟ್ಟು ಅನ್ನುವುದನ್ನೂ ತೋರಿಸಬೇಕು.

ಇದು ಯಾರ ದುಡ್ಡು? ದೇಶಗಳ ಹಕ್ಕಿನ ಪಾಲು ಅಲ್ವಾ?

ಒಕ್ಕೂಟದ ಬಜೆಟ್ ಏಳು ವರ್ಷಕ್ಕೊಮ್ಮೆ ನಿರ್ಧಾರವಾಗುತ್ತದೆ. 2021ರಿಂದ 2027ರ ಅವಧಿಗೆ 2018ರ ಬೆಲೆಯಲ್ಲಿ ಸುಮಾರು 1.07 ಲಕ್ಷ ಕೋಟಿ ಯೂರೊ. ಕೋವಿಡ್ ಬಂದ ಮೇಲೆ ಅದರ ಜೊತೆಗೆ 75,000 ಕೋಟಿ ಯೂರೊಗಳ ಚೇತರಿಕೆ ನಿಧಿ ಸೇರಿತು. ಈ ನಿಧಿಗಾಗಿ ಎಲ್ಲ ದೇಶಗಳೂ ಒಟ್ಟಾಗಿ ಸಾಲ ಎತ್ತಿದವು. ಇಷ್ಟು ದೊಡ್ಡ ಮೊತ್ತದ ಸಾಲ ಒಕ್ಕೂಟದ ಇತಿಹಾಸದಲ್ಲೇ ಮೊದಲು. ಹಾಗಾಗಿಯೇ ನೆದರ್ಲೆಂಡ್ಸ್, ಸ್ವೀಡನ್‌ನಂಥ ಜಾಸ್ತಿ ಕಟ್ಟುವ ದೇಶಗಳು ‘ನಮ್ಮ ತೆರಿಗೆದಾರರ ಹಣ ಎಲ್ಲಿ ಹೋಗುತ್ತಿದೆ’ ಅಂತ ಗಟ್ಟಿಯಾಗಿ ಕೇಳತೊಡಗಿದವು.

ಊರ ಜಾತ್ರೆಗೆ ಎಲ್ಲರೂ ವಂತಿಗೆ ಹಾಕಿದ ಮೇಲೆ ಲೆಕ್ಕ ಕೇಳುವ ಹಕ್ಕು ಎಲ್ಲರಿಗೂ ಇರುತ್ತದೆ. ಹಂಗೆರಿ, ಪೋಲೆಂಡ್‌ಗಳಿಗೆ ಆ ಹಣದಲ್ಲಿ ಪಾಲಿದೆ, ಅದನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಲೆಕ್ಕ ಒಪ್ಪಿಸಬೇಕಾದ ಪೊಲೀಸು, ಪ್ರಾಸಿಕ್ಯೂಟರು, ಕೋರ್ಟು ಎಲ್ಲರೂ ಸರ್ಕಾರದ ಕೈಯಲ್ಲೇ ಇದ್ದರೆ ಲೆಕ್ಕ ಕೇಳುವುದು ಯಾರನ್ನು?

ಮೊದಲಿಂದಲೂ ಏನೂ ದಾರಿ ಇರಲಿಲ್ವಾ?

ಇತ್ತು. ಒಕ್ಕೂಟದ ಮೂಲ ಒಪ್ಪಂದದಲ್ಲಿ 7ನೇ ವಿಧಿ ಅಂತ ಒಂದಿದೆ. ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆಯಂಥ ಮೌಲ್ಯಗಳನ್ನು ಪದೇ ಪದೇ ಮುರಿಯುವ ದೇಶದ ಮತದಾನದ ಹಕ್ಕನ್ನೇ ಅಮಾನತು ಮಾಡಲು ಅದು ಅವಕಾಶ ಕೊಡುತ್ತದೆ. 2017ರ ಡಿಸೆಂಬರ್‌ನಲ್ಲಿ ಪೋಲೆಂಡ್ ಮೇಲೆ ಐರೋಪ್ಯ ಆಯೋಗ (ಒಕ್ಕೂಟದ ಆಡಳಿತ ನಡೆಸುವ ಸಂಸ್ಥೆ) ಈ ವಿಧಿಯನ್ನು ಶುರುಮಾಡಿತು. 2018ರ ಸೆಪ್ಟೆಂಬರ್‌ನಲ್ಲಿ ಹಂಗೆರಿ ಮೇಲೆ ಐರೋಪ್ಯ ಸಂಸತ್ತು ಶುರುಮಾಡಿತು.

ಆದರೆ ಹಕ್ಕು ಅಮಾನತು ಮಾಡುವ ಮೊದಲು, ಆ ದೇಶ ಮೌಲ್ಯಗಳನ್ನು ಮುರಿದಿದೆ ಅಂತ ಉಳಿದ ಎಲ್ಲ ದೇಶಗಳೂ ಒಮ್ಮತದಿಂದ ಒಪ್ಪಬೇಕು. ಪೋಲೆಂಡನ್ನು ಹಂಗೆರಿ ಕಾಯಿತು, ಹಂಗೆರಿಯನ್ನು ಪೋಲೆಂಡ್ ಕಾಯಿತು. ವಿಚಾರಣೆಗಳು ನಡೆದವು, ಹೇಳಿಕೆಗಳು ಬಂದವು, ಮತಕ್ಕೆ ಮಾತ್ರ ಯಾರೂ ಹಾಕಲಿಲ್ಲ. ತಪ್ಪು ಮಾಡಿದವರು ಇಬ್ಬರಿದ್ದರೆ ಕೆಲಸ ಮಾಡದ ವಿಧಿ ಅದು. ಹಣದ ದಾರಿ ಹುಡುಕಿದ್ದು ಇದೇ ಕಾರಣಕ್ಕೆ. ಇಲ್ಲಿ ಒಮ್ಮತ ಬೇಡ, ವಿಶೇಷ ಬಹುಮತ ಸಾಕು.

ಹಣ ತಡೆಯುವುದು ಇದೇ ಮೊದಲಾ?

ಅಲ್ಲ. ಬಲ್ಗೇರಿಯಾ 2007ರಲ್ಲಿ ಒಕ್ಕೂಟ ಸೇರಿತು. ಮರುವರ್ಷವೇ ಅಕ್ರಮಗಳ ಕಾರಣಕ್ಕೆ ಅದರ ಹಣ ನಿಂತಿತು. 2008ರ ನವೆಂಬರ್‌ನಲ್ಲಿ 22 ಕೋಟಿ ಯೂರೊ ಪೂರ್ತಿಯಾಗಿ ಕೈತಪ್ಪಿತು. ಆದರೆ ಆಗ ನೋಡುತ್ತಿದ್ದದ್ದು ಒಂದೊಂದು ಯೋಜನೆಯ ಅಕ್ರಮವನ್ನು. ಕಳ್ಳನನ್ನು ಹಿಡಿಯಬೇಕಾದ ವ್ಯವಸ್ಥೆಯೇ ಕೆಟ್ಟಿದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಉತ್ತರ 2020ರಲ್ಲಿ ಬಂತು.

ಹಂಗೆರಿ, ಪೋಲೆಂಡ್ ಇದನ್ನು ಸುಮ್ನೆ ಒಪ್ಪಿಕೊಂಡವಾ?

ಎಲ್ಲಿಯ ಮಾತು! ಈ ಕಾನೂನನ್ನು ತಡೆಯುವಷ್ಟು ಮತ ಅವರ ಬಳಿ ಇರಲಿಲ್ಲ. ಆದರೆ ಏಳು ವರ್ಷದ ಬಜೆಟ್ಟಿಗೆ ಎಲ್ಲರ ಒಪ್ಪಿಗೆ ಬೇಕಿತ್ತು. 2020ರ ನವೆಂಬರ್‌ನಲ್ಲಿ ಎರಡೂ ದೇಶಗಳು ಬಜೆಟ್ಟನ್ನೇ ವೀಟೊ ಮಾಡಿದವು. ಕೋವಿಡ್‌ನಿಂದ ಇಟಲಿ, ಸ್ಪೇನ್‌ಗಳು ನೆಲಕಚ್ಚಿದ್ದ ಹೊತ್ತು ಅದು. ಚೇತರಿಕೆ ನಿಧಿಗಾಗಿ ಎಲ್ಲರೂ ಕಾಯುತ್ತಿದ್ದರು.

ಆಗ ಒಕ್ಕೂಟದ ಸರದಿ ಅಧ್ಯಕ್ಷತೆ ಜರ್ಮನಿಯದು. ಅದರ ಆಗಿನ ಚಾನ್ಸಲರ್ ಆಂಗೆಲಾ ಮರ್ಕೆಲ್ ಡಿಸೆಂಬರ್‌ನಲ್ಲಿ ಒಂದು ರಾಜಿ ಮಾಡಿಸಿದರು. ಕಾನೂನಿನ ಅಕ್ಷರ ಬದಲಾಗುವುದಿಲ್ಲ. ಆದರೆ ಐರೋಪ್ಯ ನ್ಯಾಯಾಲಯ ಅದು ಸರಿ ಅನ್ನುವವರೆಗೆ ಆಯೋಗ ಅದನ್ನು ಬಳಸುವುದಿಲ್ಲ. ಕಾನೂನು ಜಾರಿಯಲ್ಲಿತ್ತು, ಆದರೆ ಒಂದು ವರ್ಷಕ್ಕೂ ಜಾಸ್ತಿ ಕಾಲ ಬಳಕೆಗೆ ಬರಲಿಲ್ಲ. ಜಾರಿಯಲ್ಲಿರುವ ಕಾನೂನನ್ನು ಬಳಸದೆ ಕೂರಲು ಆಯೋಗಕ್ಕೆ ಯಾವ ಅಧಿಕಾರ ಅಂತ ಐರೋಪ್ಯ ಸಂಸತ್ತು 2021ರ ಅಕ್ಟೋಬರ್‌ನಲ್ಲಿ ಕೋರ್ಟಿಗೇ ಹೋಯಿತು. ಸಂಸತ್ತಿನ ಸಿಟ್ಟು ನ್ಯಾಯವಾದದ್ದೇ ಅಂತ ನನ್ನ ಅಭಿಪ್ರಾಯ. ಈ ನಡುವೆ ಹಂಗೆರಿಯಲ್ಲಿ 2022ರ ಏಪ್ರಿಲ್ ಚುನಾವಣೆ ಹತ್ತಿರ ಬರುತ್ತಿತ್ತು. ಆ ವಿಳಂಬದ ಲಾಭ ಯಾರಿಗೆ ಆಯಿತು ಅಂತ ಬಿಡಿಸಿ ಹೇಳಬೇಕಿಲ್ಲ.

ಕೋರ್ಟು ಏನು ಹೇಳಿತು?

2022ರ ಫೆಬ್ರವರಿ 16ರಂದು ಲಕ್ಸೆಂಬರ್ಗ್‌ನ ಐರೋಪ್ಯ ನ್ಯಾಯಾಲಯ ಪೂರ್ಣಪೀಠದಲ್ಲಿ ಕೂತು ಎರಡೂ ದೇಶಗಳ ಅರ್ಜಿಗಳನ್ನು ವಜಾ ಮಾಡಿತು. ಪೂರ್ಣಪೀಠ ಕೂರುವುದು ತೀರಾ ಅಪರೂಪ.

ತೀರ್ಪಿನ ಸಾರ ಸರಳ. ದೇಶಗಳು ಒಂದನ್ನೊಂದು ನಂಬುವುದರಿಂದಲೇ ಈ ಬಜೆಟ್ ನಡೆಯುತ್ತದೆ. ಕೊಟ್ಟ ಹಣವನ್ನು ಇನ್ನೊಬ್ಬರು ಜವಾಬ್ದಾರಿಯಿಂದ ಖರ್ಚು ಮಾಡುತ್ತಾರೆ ಅನ್ನುವ ನಂಬಿಕೆ ಅದು. ಆ ನಂಬಿಕೆಗೆ ಬುನಾದಿ ಕಾನೂನಿನ ಆಳ್ವಿಕೆ. ಸೇರುವಾಗ ಒಪ್ಪಿಕೊಂಡು, ಸೇರಿದ ಮೇಲೆ ಕೈಬಿಡುವ ಷರತ್ತು ಇದಲ್ಲ. ಜೊತೆಗೆ ಕೋರ್ಟು ಒಂದು ಗಡಿಯನ್ನೂ ಗಟ್ಟಿ ಮಾಡಿತು: ಬಜೆಟ್ಟಿಗೆ ನಿಜವಾದ, ನೇರವಾದ ಸಂಬಂಧ ಇದ್ದರೆ ಮಾತ್ರ ಈ ಕಾನೂನು, ಬರೀ ಮೌಲ್ಯ ಮುರಿದಿದ್ದಕ್ಕೆ ಶಿಕ್ಷೆ ಕೊಡಲು ಅಲ್ಲ.

ತೀರ್ಮಾನ ಯಾರದ್ದು? ಬ್ರಸೆಲ್ಸ್‌ನಲ್ಲಿರುವ ಆಯೋಗದ ಅಧಿಕಾರಿಗಳದ್ದಾ?

ಇಲ್ಲ, ಇದನ್ನು ತುಂಬ ಜನ ತಪ್ಪಾಗಿ ತಿಳಿದಿದ್ದಾರೆ. ಆಯೋಗ ಮೊದಲು ಆ ದೇಶಕ್ಕೆ ಲಿಖಿತ ನೋಟಿಸ್ ಕೊಡುತ್ತದೆ. ಉತ್ತರ ಕೊಡಲು, ತಿದ್ದಿಕೊಳ್ಳಲು ಕಾಲಾವಕಾಶ ಇರುತ್ತದೆ. ಅದರಿಂದ ಸಮಾಧಾನ ಆಗದಿದ್ದರೆ ಆಯೋಗ ಒಂದು ಪ್ರಸ್ತಾವ ಇಡುತ್ತದೆ. ತೀರ್ಮಾನ ಮಾತ್ರ ಸದಸ್ಯ ದೇಶಗಳ ಮಂತ್ರಿಗಳಿರುವ ಕೌನ್ಸಿಲ್‌ನದು. ಅಲ್ಲಿ ಕನಿಷ್ಠ 15 ದೇಶಗಳು ಒಪ್ಪಬೇಕು. ಆ ದೇಶಗಳಲ್ಲಿ ಒಕ್ಕೂಟದ ಶೇ. 65ರಷ್ಟಾದರೂ ಜನಸಂಖ್ಯೆ ಇರಬೇಕು. ಸಂಸತ್ತಿಗೆ ಇಲ್ಲಿ ಮತವಿಲ್ಲ. ಅನ್ಯಾಯ ಆಗಿದೆ ಅನ್ನಿಸಿದ ದೇಶ ಕೋರ್ಟಿಗೆ ಹೋಗಬಹುದು.

ಹಂಗೆರಿ ಅಂಥದ್ದೇನು ಮಾಡಿತ್ತು?

2010ರಲ್ಲಿ ವಿಕ್ಟರ್ ಓರ್ಬಾನ್ ಪ್ರಧಾನಿಯಾಗಿ ಅಧಿಕಾರಕ್ಕೆ ಬಂದರು. ಅವರ ಪಕ್ಷಕ್ಕೆ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತ ಇತ್ತು. ಹೊಸ ಸಂವಿಧಾನ ಬಂತು. ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಒಮ್ಮೆಲೇ ಇಳಿಸಿದರು. ಅನುಭವಿ ನ್ಯಾಯಾಧೀಶರು ದೊಡ್ಡ ಸಂಖ್ಯೆಯಲ್ಲಿ ಮನೆಗೆ ಹೋಗಬೇಕಾಯಿತು. 2012ರಲ್ಲಿ ಐರೋಪ್ಯ ನ್ಯಾಯಾಲಯ ಇದು ತಪ್ಪು ಅಂದಿತು. ಅಷ್ಟರಲ್ಲಿ ಕೆಲವು ಕುರ್ಚಿಗಳಲ್ಲಿ ಬೇರೆಯವರು ಕೂತಾಗಿತ್ತು.

ಆದರೆ ಹಣದ ಕಾನೂನಿಗೆ ಬೇಕಾದ ಸಾಕ್ಷಿ ಬೇರೆ ಕಡೆ ಇತ್ತು: ಟೆಂಡರುಗಳಲ್ಲಿ. ಒಬ್ಬನೇ ಬಿಡ್ ಹಾಕಿ ಅವನಿಗೇ ಗುತ್ತಿಗೆ ಸಿಗುವ ಪ್ರಕರಣಗಳು ಹಂಗೆರಿಯಲ್ಲಿ ತೀರಾ ಜಾಸ್ತಿ ಅಂತ ಆಯೋಗ ವರ್ಷಗಟ್ಟಲೆ ಹೇಳುತ್ತಿತ್ತು.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಹಂಗೆರಿಯ ಹಲವು ಊರುಗಳಲ್ಲಿ ಐರೋಪ್ಯ ಹಣದಿಂದ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಾಯಿಸಿದರು. ಗುತ್ತಿಗೆ ಹಿಡಿದ ಎಲಿಯೋಸ್ ಎಂಬ ಕಂಪನಿಯಲ್ಲಿ ಒಂದು ಕಾಲಕ್ಕೆ ಪ್ರಧಾನಿಯ ಅಳಿಯ ಪಾಲುದಾರರಾಗಿದ್ದರು. ಒಕ್ಕೂಟದ ವಂಚನೆ ತಡೆ ಕಚೇರಿ ತನಿಖೆ ಮಾಡಿ, ಗಂಭೀರ ಅಕ್ರಮಗಳಿವೆ, 4 ಕೋಟಿ ಯೂರೊಗಿಂತ ಹೆಚ್ಚು ಹಣ ವಾಪಸ್ ಪಡೆಯಬೇಕು ಅಂತ ವರದಿ ಕೊಟ್ಟಿತು. ಹಂಗೆರಿಯ ಪೊಲೀಸರು ಅಪರಾಧ ನಡೆದಿಲ್ಲ ಅಂತ 2018ರಲ್ಲಿ ಪ್ರಕರಣ ಮುಚ್ಚಿದರು. ಸರ್ಕಾರ ಆ ಬಿಲ್ಲನ್ನು ಐರೋಪ್ಯ ಖಾತೆಯಿಂದ ಹಿಂದಕ್ಕೆ ತೆಗೆದು ತನ್ನ ಬಜೆಟ್ಟಿನ ಮೇಲೆ ಹಾಕಿಕೊಂಡಿತು. ಅಂದರೆ ಕೊನೆಗೆ ದುಡ್ಡು ಕಟ್ಟಿದ್ದು ಹಂಗೆರಿಯ ಜನ. ಯಾರಿಗೂ ಶಿಕ್ಷೆ ಆಗಲಿಲ್ಲ.

ತನಿಖೆಯ ವರದಿ ಬ್ರಸೆಲ್ಸ್‌ನಿಂದ ಬರಬಹುದು. ಮೊಕದ್ದಮೆ ಹೂಡುವ ಅಧಿಕಾರ ಬುಡಾಪೆಸ್ಟ್‌ನಲ್ಲೇ ಇರುತ್ತದೆ. ಇದನ್ನು ಸರಿಪಡಿಸಲೆಂದೇ ಐರೋಪ್ಯ ಪ್ರಾಸಿಕ್ಯೂಟರ್ ಕಚೇರಿ ಅಂತ ಒಂದು 2021ರಲ್ಲಿ ಕೆಲಸ ಶುರುಮಾಡಿತು. ಓರ್ಬಾನ್ ಸರ್ಕಾರ ಅದಕ್ಕೆ ಸೇರಲು ಒಪ್ಪಲಿಲ್ಲ.

ಎಷ್ಟು ಹಣ ನಿಂತಿತು?

ಇಲ್ಲಿ ಲೆಕ್ಕ ಸ್ವಲ್ಪ ಗೋಜಲು, ಯಾಕೆಂದರೆ ಹಣ ನಿಂತದ್ದು ಒಂದೇ ಬಾಗಿಲಲ್ಲಿ ಅಲ್ಲ.

ಮೊದಲನೆಯದು ನಾವು ಮಾತಾಡುತ್ತಿರುವ ಕಾನೂನು. ಹಂಗೆರಿಯ ಚುನಾವಣೆ 2022ರ ಏಪ್ರಿಲ್ 3ಕ್ಕೆ ಮುಗಿಯಿತು. ಏಪ್ರಿಲ್ 5ರಂದು ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಕ್ರಮ ಶುರು ಅಂದರು. 27ರಂದು ನೋಟಿಸ್ ಹೋಯಿತು. ಸೆಪ್ಟೆಂಬರ್‌ನಲ್ಲಿ ಮೂರು ಅಭಿವೃದ್ಧಿ ಕಾರ್ಯಕ್ರಮಗಳ ಶೇ. 65ರಷ್ಟು, ಅಂದರೆ ಸುಮಾರು 750 ಕೋಟಿ ಯೂರೊ ತಡೆಯಬೇಕು ಅಂತ ಪ್ರಸ್ತಾವ ಬಂತು. ಹಂಗೆರಿ 17 ಸುಧಾರಣೆಗಳ ಪಟ್ಟಿ ಕೊಟ್ಟಿತು. ಡಿಸೆಂಬರ್ 15ರಂದು ಕೌನ್ಸಿಲ್ ಶೇ. 65 ಅನ್ನು 55ಕ್ಕೆ ಇಳಿಸಿ ಸುಮಾರು 630 ಕೋಟಿ ಯೂರೊ ತಡೆಹಿಡಿಯಿತು.

ಎರಡನೆಯದು ಕೋವಿಡ್ ಚೇತರಿಕೆ ನಿಧಿ. ಅದರಲ್ಲಿ ಹಂಗೆರಿಗೆ 580 ಕೋಟಿ ಯೂರೊ ಅನುದಾನ ಮಂಜೂರಾಯಿತು. ಆದರೆ 27 ಷರತ್ತುಗಳನ್ನು ಪೂರೈಸುವವರೆಗೆ ಕಂತು ಇಲ್ಲ.

ಮೂರನೆಯದು ಅಭಿವೃದ್ಧಿ ನಿಧಿಯದ್ದೇ ಇನ್ನೊಂದು ಷರತ್ತು: ಮೂಲಭೂತ ಹಕ್ಕುಗಳ ಸನ್ನದನ್ನು ಪಾಲಿಸಬೇಕು, ಕೋರ್ಟುಗಳು ಸ್ವತಂತ್ರವಾಗಿರಬೇಕು. ಈ ಬಾಗಿಲಲ್ಲಿ ನಿಂತ ಮೊತ್ತವೇ ದೊಡ್ಡದು. ಪತ್ರಿಕೆಗಳಲ್ಲಿ ಒಂದೊಂದು ಕಡೆ ಒಂದೊಂದು ಅಂಕಿ ಕಾಣುವುದು ಇದಕ್ಕೇ.

ತಡೆದ ಹಣ ಹಾಗೇ ಇರುತ್ತಾ, ಹೋಗಿಬಿಡುತ್ತಾ?

ಎರಡು ವರ್ಷದೊಳಗೆ ಸರಿಪಡಿಸಿಕೊಳ್ಳದಿದ್ದರೆ ಹೋಗುತ್ತದೆ. 2022ರ ಬಾಬ್ತು ತಡೆದಿದ್ದ ಸುಮಾರು 104 ಕೋಟಿ ಯೂರೊ 2024ರ ಕೊನೆಗೆ ಹಂಗೆರಿಯ ಕೈ ಶಾಶ್ವತವಾಗಿ ತಪ್ಪಿತು.

ಪೋಲೆಂಡ್ ಮೇಲೂ ಇದೇ ಕಾನೂನು ಹಾಕಿದರಾ?

ಇಲ್ಲ! ಪೋಲೆಂಡ್ ಮೇಲೆ 2020/2092 ಒಮ್ಮೆಯೂ ಬಳಕೆಯಾಗಲಿಲ್ಲ. ಅದರ ಹಣ ನಿಂತದ್ದು ಆ ಎರಡನೇ ಮತ್ತು ಮೂರನೇ ಬಾಗಿಲಲ್ಲಿ. 2022ರ ಜೂನ್‌ನಲ್ಲಿ ಅದರ ಚೇತರಿಕೆ ಯೋಜನೆಗೆ ಒಪ್ಪಿಗೆ ಸಿಕ್ಕಿತು, ನ್ಯಾಯಾಂಗದ ಷರತ್ತುಗಳೊಂದಿಗೆ. ಷರತ್ತು ಈಡೇರಲಿಲ್ಲ, ಕಂತೂ ಬರಲಿಲ್ಲ.

ಮುಖ್ಯ ಜಗಳ ಸುಪ್ರೀಂ ಕೋರ್ಟಿನ ಶಿಸ್ತುಪೀಠದ ಬಗ್ಗೆ. ನ್ಯಾಯಾಧೀಶರ ಮೇಲೆ ಕ್ರಮ ಕೈಗೊಳ್ಳಲು ಆಗಿನ ಸರ್ಕಾರ ಅದನ್ನು ಹುಟ್ಟುಹಾಕಿತ್ತು. ಅದರ ಸದಸ್ಯರನ್ನು ಆರಿಸುತ್ತಿದ್ದ ಮಂಡಳಿಯನ್ನು ರಾಜಕಾರಣಿಗಳು ಮೊದಲೇ ತಮ್ಮದಾಗಿಸಿಕೊಂಡಿದ್ದರು. ವಾರ್ಸಾದ ನ್ಯಾಯಾಧೀಶ ಇಗೋರ್ ತುಲೆಯಾ ಅವರ ಪ್ರಕರಣ ನೋಡಿ. 2016ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ನಡೆದ ಒಂದು ವಿವಾದಿತ ಮತದಾನದ ತನಿಖೆ ಮುಂದುವರಿಯಬೇಕು ಅಂತ ಅವರು ಆದೇಶ ಕೊಟ್ಟರು. ಅದನ್ನು ಓದುವಾಗ ಪತ್ರಕರ್ತರನ್ನು ಕೋರ್ಟ್ ಹಾಲ್ ಒಳಗೆ ಬಿಟ್ಟಿದ್ದರು. ಅದೇ ಅಪರಾಧವಾಯಿತು. 2020ರ ನವೆಂಬರ್‌ನಲ್ಲಿ ಶಿಸ್ತುಪೀಠ ಅವರನ್ನು ಅಮಾನತು ಮಾಡಿ, ಸಂಬಳದಲ್ಲಿ ಕಾಲುಭಾಗ ಕಡಿತ ಮಾಡಿತು. ಅವರು ಮತ್ತೆ ಪೀಠಕ್ಕೆ ಮರಳಿದ್ದು ಎರಡು ವರ್ಷದ ನಂತರ.

ನ್ಯಾಯಾಧೀಶರಿಗೇ ಹೀಗಾದರೆ, ಐರೋಪ್ಯ ಹಣ ಕದ್ದ ಪ್ರಭಾವಿಯ ಮೇಲೆ ತೀರ್ಪು ಕೊಡಲು ಯಾರು ಧೈರ್ಯ ಮಾಡುತ್ತಾರೆ? ಕೋರ್ಟಿನ ಸ್ವಾತಂತ್ರ್ಯಕ್ಕೂ ಖಜಾನೆಗೂ ಏನು ಸಂಬಂಧ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನೇ.

ದಿನಕ್ಕೆ ಲಕ್ಷಗಟ್ಟಲೆ ದಂಡ ಅಂತ ಕೇಳಿದ್ದೆ. ಅದೂ ಇದೇನಾ?

ಅದು ಬೇರೆ. ಅದು ಕೋರ್ಟಿನ ಆದೇಶ ಪಾಲಿಸದಿದ್ದಕ್ಕೆ ಬೀಳುವ ದಂಡ. ಶಿಸ್ತುಪೀಠದ ವಿಷಯದಲ್ಲಿ 2021ರ ಅಕ್ಟೋಬರ್ 27ರಿಂದ ಪೋಲೆಂಡ್‌ಗೆ ದಿನಕ್ಕೆ 10 ಲಕ್ಷ ಯೂರೊ ದಂಡ ಬಿತ್ತು. 2023ರಲ್ಲಿ ಅದು ಅರ್ಧಕ್ಕೆ ಇಳಿಯಿತು. ಒಟ್ಟು 50 ಕೋಟಿ ಯೂರೊ ದಾಟಿತು. ಪೋಲೆಂಡ್ ಕಟ್ಟಲಿಲ್ಲ, ಆಯೋಗ ಅದಕ್ಕೆ ಕೊಡಬೇಕಾದ ಹಣದಲ್ಲೇ ಮುರಿದುಕೊಂಡಿತು. ಹಂಗೆರಿಗೂ 2024ರ ಜೂನ್‌ನಲ್ಲಿ ಆಶ್ರಯ ಕೋರಿ ಬಂದವರ ವಿಷಯದಲ್ಲಿ 20 ಕೋಟಿ ಯೂರೊ ದಂಡ ಮತ್ತು ದಿನಕ್ಕೆ 10 ಲಕ್ಷ ಯೂರೊ ಬಿತ್ತು.

ಸರ್ಕಾರದ ತಪ್ಪಿಗೆ ಜನರಿಗೆ ಯಾಕೆ ಶಿಕ್ಷೆ?

ಈ ಪುಟದಲ್ಲಿ ಅತಿ ಮುಖ್ಯ ಪ್ರಶ್ನೆ ಇದೇ ಅಂತ ನನಗನ್ನಿಸುತ್ತದೆ.

ಕಾನೂನಿನಲ್ಲಿ ರಕ್ಷಣೆ ಇದೆ. ಬ್ರಸೆಲ್ಸ್‌ನಿಂದ ಹಣ ನಿಂತರೂ ರೈತರಿಗೆ, ವಿದ್ಯಾರ್ಥಿಗಳಿಗೆ, ಸಂಸ್ಥೆಗಳಿಗೆ ಈಗಾಗಲೇ ಒಪ್ಪಿಕೊಂಡ ಹಣವನ್ನು ಆ ದೇಶದ ಸರ್ಕಾರವೇ ಕೊಡಬೇಕು. ‘ಬ್ರಸೆಲ್ಸ್ ಕೊಟ್ಟಿಲ್ಲ, ನಾನೂ ಕೊಡಲ್ಲ’ ಅನ್ನುವ ಹಾಗಿಲ್ಲ. ಸರ್ಕಾರ ಕೊಡದಿದ್ದರೆ ಫಲಾನುಭವಿಗಳು ಆಯೋಗಕ್ಕೆ ದೂರು ಕೊಡಬಹುದು.

ಕಾಗದದ ಮೇಲೆ ಇದು ಚೆನ್ನಾಗಿದೆ. ನಿಜದಲ್ಲಿ ಏನಾಯಿತು ಅನ್ನುವುದಕ್ಕೆ ಹಂಗೆರಿಯ ವಿಶ್ವವಿದ್ಯಾಲಯಗಳನ್ನು ನೋಡಬೇಕು. ಓರ್ಬಾನ್ ಸರ್ಕಾರ 21 ವಿಶ್ವವಿದ್ಯಾಲಯಗಳನ್ನು ಸಾರ್ವಜನಿಕ ಟ್ರಸ್ಟುಗಳ ಕೈಗೆ ಕೊಟ್ಟಿತ್ತು. ಅನೇಕ ಟ್ರಸ್ಟುಗಳ ಮಂಡಳಿಗಳಲ್ಲಿ ಮಂತ್ರಿಗಳು, ಆಡಳಿತ ಪಕ್ಷದವರು ಕೂತಿದ್ದರು. ಇದು ಹಿತಾಸಕ್ತಿಯ ಸಂಘರ್ಷ ಅಂತ 2022ರ ಡಿಸೆಂಬರ್ ತೀರ್ಮಾನದಲ್ಲೇ ಕೌನ್ಸಿಲ್ ಈ ಟ್ರಸ್ಟುಗಳ ಜೊತೆ ಹೊಸ ಒಪ್ಪಂದ ಮಾಡಿಕೊಳ್ಳಬಾರದು ಅಂದಿತು. ಎರಾಸ್ಮಸ್ ಪ್ಲಸ್ ಎಂಬ ಒಕ್ಕೂಟದ ವಿದ್ಯಾರ್ಥಿ ವಿನಿಮಯ, ಹೊರೈಜನ್ ಯುರೋಪ್ ಸಂಶೋಧನಾ ಅನುದಾನ ಎರಡರಿಂದಲೂ ಅವು ಹೊರಗಾದವು. ಪೆಚ್, ಸೆಗೆಡ್, ಡೆಬ್ರೆಸೆನ್‌ನಂಥ ಹಳೇ ದೊಡ್ಡ ವಿಶ್ವವಿದ್ಯಾಲಯಗಳೂ ಇದರಲ್ಲಿದ್ದವು.

ಸೆಗೆಡ್‌ನಲ್ಲಿ ಓದುವ ಒಬ್ಬ ಹುಡುಗಿ ಒಂದು ಸೆಮಿಸ್ಟರ್ ಲಿಸ್ಬನ್‌ನಲ್ಲಿ ಓದುವ ಕನಸು ಕಂಡಿದ್ದರೆ, ಅವಳು ಯಾವ ತಪ್ಪು ಮಾಡಿದ್ದಳು? ಮಂತ್ರಿಗಳು ಮಂಡಳಿಗಳಿಂದ ಕೆಳಗಿಳಿದರು. ಆದರೂ ನಿಯಮ ಸಾಲದು ಅಂತ 2024ರ ಡಿಸೆಂಬರ್‌ನಲ್ಲೂ ಆಯೋಗ ತಡೆ ತೆಗೆಯಲಿಲ್ಲ. ಸರ್ಕಾರ ತನ್ನದೇ ದುಡ್ಡಿನಲ್ಲಿ ಪನ್ನೋನಿಯಾ ಎಂಬ ವಿದ್ಯಾರ್ಥಿವೇತನ ಶುರುಮಾಡಿತು. ಆಯೋಗದ ವಾದ ನನಗೆ ಅರ್ಥವಾಗುತ್ತದೆ. ಆದರೆ ಸಂಶೋಧಕರು ಮತ್ತು ವಿದ್ಯಾರ್ಥಿಗಳ ಹಣವನ್ನು ಟ್ರಸ್ಟ್ ಮುಟ್ಟದ ಹಾಗೆ ನೇರವಾಗಿ ತಲುಪಿಸುವ ದಾರಿಯನ್ನು ಮೊದಲ ದಿನವೇ ಹುಡುಕಬೇಕಿತ್ತು. ಅದನ್ನು ಮಾಡದಿದ್ದದ್ದು ಈ ಇಡೀ ಪ್ರಕರಣದಲ್ಲಿ ಒಕ್ಕೂಟದ ದೊಡ್ಡ ಲೋಪ.

ನಮ್ಮ ಹುಡುಗರು ಹಂಗೆರಿಗೆ ಓದಲು ಹೋಗುತ್ತಾರಲ್ಲ, ಅವರಿಗೇನಾದರೂ ತೊಂದರೆ?

ಭಾರತದ ವಿದ್ಯಾರ್ಥಿಗಳು ಸ್ಟಿಪೆಂಡಿಯಂ ಹಂಗರಿಕಂ ಎಂಬ ವೇತನದಲ್ಲಿ ಹೋಗುತ್ತಾರೆ. ಅದು ಹಂಗೆರಿ ಸರ್ಕಾರದ್ದು, ಈ ತಡೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಲ್ಲಿ ಸೇರಿದ ಮೇಲೆ ಎರಾಸ್ಮಸ್ ವಿನಿಮಯದಲ್ಲಿ ಬೇರೆ ದೇಶಕ್ಕೆ ಹೋಗಬೇಕು ಅಂತಿದ್ದರೆ, ಆ ವಿಶ್ವವಿದ್ಯಾಲಯ ಟ್ರಸ್ಟಿನದ್ದಾ ಅಂತ ಮೊದಲೇ ವಿಚಾರಿಸಿ. ಬುಡಾಪೆಸ್ಟ್‌ನ ಎಲ್ತೆ ಸರ್ಕಾರಿ ವಿಶ್ವವಿದ್ಯಾಲಯವಾಗಿಯೇ ಉಳಿದಿತ್ತು, ಹಾಗಾಗಿ ಅದಕ್ಕೆ ಈ ತಡೆ ತಾಗಲಿಲ್ಲ.

ಸರ್ಕಾರವನ್ನು ಬಿಟ್ಟು ನೇರವಾಗಿ ನಗರಗಳಿಗೆ ಕೊಡಬಹುದಲ್ಲ?

ಇದನ್ನು ನಗರಗಳೇ ಕೇಳಿದವು. 2019ರ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್, ವಾರ್ಸಾ, ಪ್ರಾಗ್, ಬ್ರಾಟಿಸ್ಲಾವಾ ಮೇಯರುಗಳು ಒಟ್ಟಾಗಿ ಒಂದು ಒಪ್ಪಂದಕ್ಕೆ ಸಹಿ ಹಾಕಿ ಈ ಬೇಡಿಕೆ ಇಟ್ಟರು. ದೊಡ್ಡ ನಿಧಿಗಳು ಈಗಲೂ ರಾಷ್ಟ್ರ ಸರ್ಕಾರಗಳ ಮೂಲಕವೇ ಹೋಗುತ್ತವೆ.

ಸಣ್ಣ ಊರುಗಳ ಮೇಲೂ ಇದು ಪರಿಣಾಮ ಮಾಡಿದೆಯಾ?

ಮಾಡಿದೆ, ಅದೂ ಬೇರೆ ಬೇರೆ ರೀತಿಯಲ್ಲಿ. ದಕ್ಷಿಣ ಪೋಲೆಂಡ್‌ನ ಟುಖೂಫ್ ಒಂದು ಪುಟ್ಟ ಪಟ್ಟಣ. 2019ರ ಸುಮಾರಿಗೆ ಪೋಲೆಂಡ್‌ನ ಅನೇಕ ಸ್ಥಳೀಯ ಸಂಸ್ಥೆಗಳು ಸಲಿಂಗಿಗಳ ‘ಸಿದ್ಧಾಂತ’ಕ್ಕೆ ವಿರೋಧ ಅಂತ ನಿರ್ಣಯ ಮಾಡಿದವು, ಟುಖೂಫ್ ಕೂಡ. 2020ರ ಜುಲೈಯಲ್ಲಿ ಆಯೋಗ ಇಂಥ ಆರು ಊರುಗಳ ‘ಅವಳಿ ಪಟ್ಟಣ’ (ಬೇರೆ ದೇಶದ ಊರಿನ ಜೊತೆ ನಂಟು ಬೆಳೆಸುವ) ಅನುದಾನದ ಅರ್ಜಿ ತಿರಸ್ಕರಿಸಿತು. ಮುಂದಿನ ತಿಂಗಳೇ ಆಗಿನ ನ್ಯಾಯಮಂತ್ರಿ ಝ್ಬಿಗ್ನ್ಯೇವ್ ಝಿಯೋಬ್ರೊ ಟುಖೂಫ್‌ಗೆ ಎರಡೂವರೆ ಲಕ್ಷ ಝ್ಲೋತಿ (ಪೋಲೆಂಡ್‌ನ ನಾಣ್ಯ) ಕೊಟ್ಟರು. ಅದು ಊರು ಕಳೆದುಕೊಂಡದ್ದಕ್ಕಿಂತ ಜಾಸ್ತಿ. ಸಣ್ಣ ಮೊತ್ತ ತಡೆದರೆ ಸರ್ಕಾರ ಜೇಬಿನಿಂದ ತುಂಬಿ ಹೀರೊ ಆಗಿಬಿಡುತ್ತದೆ.

2021ರಲ್ಲಿ ಕತೆ ಬೇರೆಯಾಯಿತು. ಈ ಸಲ ಆಯೋಗ ಪತ್ರ ಬರೆದದ್ದು ಐದು ಪ್ರಾಂತ್ಯಗಳಿಗೆ, ದೊಡ್ಡ ನಿಧಿಯ ಬಗ್ಗೆ. ಸೆಪ್ಟೆಂಬರ್ 22ರಂದು ಶ್ವೆಂತೊಕ್ಷಿಸ್ಕಿಯೆ ಪ್ರಾಂತ್ಯ ತನ್ನ ನಿರ್ಣಯ ವಾಪಸ್ ಪಡೆಯಿತು. ಒಂದು ವಾರದೊಳಗೆ ಇನ್ನೂ ಮೂರು ಪ್ರಾಂತ್ಯಗಳು ಅದೇ ದಾರಿ ಹಿಡಿದವು. ಮನಸ್ಸು ಬದಲಾಯಿತಾ ಅಂದರೆ ಹೇಳುವುದು ಕಷ್ಟ. ಆದರೆ ಅಲ್ಲಿ ಬದುಕುವ ಸಲಿಂಗಿಗಳಿಗೆ ತಮ್ಮ ಸರ್ಕಾರದ ಕಾಗದದಲ್ಲಿ ತಮ್ಮ ವಿರುದ್ಧ ಬರೆದದ್ದು ಅಳಿಸಿಹೋಯಿತು. ಅದು ಸಣ್ಣ ವಿಷಯವಲ್ಲ.

ಪೋಲೆಂಡ್‌ನಲ್ಲಿ ಸರ್ಕಾರ ಬದಲಾದ ಕೂಡಲೇ ಹಣ ಬಂತು. ಇದು ರಾಜಕೀಯ ಅಲ್ದೆ ಇನ್ನೇನು?

ಆರೋಪದಲ್ಲಿ ಹುರುಳಿದೆ. 2023ರ ಅಕ್ಟೋಬರ್ 15ರ ಚುನಾವಣೆಯಲ್ಲಿ ಶೇ. 74ರಷ್ಟು ಮತದಾನ ಆಯಿತು. ಡಿಸೆಂಬರ್‌ನಲ್ಲಿ ಡೊನಾಲ್ಡ್ ಟಸ್ಕ್ ಪ್ರಧಾನಿಯಾದರು. 2024ರ ಫೆಬ್ರವರಿ 29ರಂದು ಆಯೋಗ ಒಟ್ಟು 13,700 ಕೋಟಿ ಯೂರೊವರೆಗಿನ ಹಣಕ್ಕೆ ದಾರಿ ಬಿಟ್ಟುಕೊಟ್ಟಿತು. ಮೇ ತಿಂಗಳಲ್ಲಿ 7ನೇ ವಿಧಿಯ ಕ್ರಮವೂ ಮುಗಿಯಿತು.

ಅಷ್ಟು ಹೊತ್ತಿಗೆ ಕಾನೂನುಗಳು ಬದಲಾಗಿದ್ದವಾ? ಹೆಚ್ಚಿನವು ಇಲ್ಲ. ಹೊಸ ನ್ಯಾಯಮಂತ್ರಿ ಆಡಂ ಬೊದ್ನಾರ್ ಒಂದು ಕ್ರಿಯಾಯೋಜನೆ ಕೊಟ್ಟಿದ್ದರು. ಹಿಂದಿನ ಆಡಳಿತ ಪಕ್ಷಕ್ಕೆ ಹತ್ತಿರವಾಗಿದ್ದ ರಾಷ್ಟ್ರಪತಿ ಆಂದ್ಜೆಯ್ ದೂದಾ ಮಸೂದೆಗಳಿಗೆ ಅಡ್ಡ ನಿಂತಿದ್ದರು. ಕೋರ್ಟಿನ ತೀರ್ಪುಗಳನ್ನು ಪಾಲಿಸುತ್ತೇವೆ, ಐರೋಪ್ಯ ಪ್ರಾಸಿಕ್ಯೂಟರ್ ಕಚೇರಿಗೆ ಸೇರುತ್ತೇವೆ ಅಂತ ಹೊಸ ಸರ್ಕಾರ ತೋರಿಸಿದ್ದು ನಿಜ. ಆದರೂ ಹಂಗೆರಿಗೆ ಜಾರಿಯಾದ ಕಾನೂನು ತೋರಿಸು ಅಂದವರು ಪೋಲೆಂಡ್‌ಗೆ ಯೋಜನೆ ತೋರಿಸಿದರೆ ಸಾಕು ಅಂದರು. ಅಳತೆ ಎರಡು ಕಡೆ ಒಂದೇ ಇರಬೇಕಿತ್ತು.

ಓರ್ಬಾನ್ ವೀಟೊ ಹೆದರಿಕೆಗೆ ಹಣ ಬಿಟ್ಟರು ಅನ್ನುತ್ತಾರೆ. ನಿಜಾನಾ?

ದಿನಾಂಕಗಳನ್ನು ಪಕ್ಕಪಕ್ಕ ಇಡುತ್ತೇನೆ. 2023ರ ಡಿಸೆಂಬರ್ 13ರಂದು ಹಂಗೆರಿಯ ಸುಮಾರು 1,020 ಕೋಟಿ ಯೂರೊಗಳ ತಡೆಯನ್ನು ಆಯೋಗ ತೆಗೆಯಿತು. 14ರಂದು ಒಕ್ಕೂಟದ ನಾಯಕರ ಸಭೆ. ಉಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಶುರುಮಾಡುವ ತೀರ್ಮಾನ. ಅದಕ್ಕೆ ವೀಟೊ ಹಾಕುತ್ತೇನೆ ಅಂತಿದ್ದ ಓರ್ಬಾನ್, ಆ ಹೊತ್ತಿಗೆ ಕೋಣೆಯಿಂದ ಹೊರಗೆ ಹೋದರು. ಉಳಿದ 26 ಜನ ಒಪ್ಪಿದರು.

ಆಯೋಗದ ಉತ್ತರ ಏನೆಂದರೆ, ಹಂಗೆರಿ ಆ ವರ್ಷ ನ್ಯಾಯಾಂಗ ಮಂಡಳಿಗೆ ಜಾಸ್ತಿ ಅಧಿಕಾರ ಕೊಡುವ ಕಾನೂನು ತಂದಿತ್ತು, ಷರತ್ತು ಈಡೇರಿತ್ತು, ಹಣ ಬಿಡಲೇಬೇಕಿತ್ತು. ಅಂಥ ಕಾನೂನು ಬಂದದ್ದು ಹೌದು. ಆದರೆ ಅದೇ ದಿನ ಯಾಕೆ? ಐರೋಪ್ಯ ಸಂಸತ್ತು 2024ರ ಮಾರ್ಚ್‌ನಲ್ಲಿ ಈ ಬಿಡುಗಡೆಯ ವಿರುದ್ಧವೇ ಕೋರ್ಟಿಗೆ ಹೋಯಿತು. ಹಿಂದಿನ ವರ್ಷವೂ ಹೀಗೇ ಆಗಿತ್ತು: 2022ರ ಡಿಸೆಂಬರ್‌ನಲ್ಲಿ 750 ಕೋಟಿ 630 ಆದಾಗಲೇ, ಉಕ್ರೇನಿನ 1,800 ಕೋಟಿ ಯೂರೊ ನೆರವಿಗೆ ಹಂಗೆರಿ ಹಾಕಿದ್ದ ತಡೆಯೂ ಸಡಿಲಾಗಿತ್ತು.

ಹಣ ತಡೆಯುವುದನ್ನು ನಾನು ಬೆಂಬಲಿಸುತ್ತೇನೆ. ಆದರೆ ಷರತ್ತು ಈಡೇರಿದರೆ ಬಿಡಬೇಕು, ಈಡೇರದಿದ್ದರೆ ಬಿಡಬಾರದು. ನಡುವೆ ಬೇರೆ ಯಾವ ಚೌಕಾಸಿಯೂ ಬರಬಾರದು. ಬಂದರೆ, ಮುಂದಿನ ವೀಟೊಗೆ ಬೆಲೆ ಎಷ್ಟು ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಮಾತು ಕೇಳದ ದೇಶವನ್ನು ಹೊರಗೆ ಹಾಕಬಹುದಲ್ಲ?

ಆಗುವುದಿಲ್ಲ. ಒಪ್ಪಂದದಲ್ಲಿ ತಾನಾಗಿ ಹೊರಹೋಗುವ ದಾರಿ ಇದೆ, ಬ್ರಿಟನ್ ಹೋದ ಹಾಗೆ. ಹೊರಗೆ ಹಾಕುವ ದಾರಿ ಇಲ್ಲ.

ನಮ್ಮಲ್ಲಿ ಕೇಂದ್ರ ರಾಜ್ಯಗಳ ಹಣ ತಡೆಯುವುದೂ ಇದೇ ಥರಾನಾ?

ಮೇಲ್ನೋಟಕ್ಕೆ ಹಾಗೆ ಕಾಣುತ್ತದೆ, ಒಳಗೆ ಬೇರೆ. ಉದ್ಯೋಗ ಖಾತ್ರಿಯ ಹಣವನ್ನು ಅಕ್ರಮದ ಕಾರಣ ಕೊಟ್ಟು 2022ರ ಮಾರ್ಚ್‌ನಿಂದ ಪಶ್ಚಿಮ ಬಂಗಾಳಕ್ಕೆ ನಿಲ್ಲಿಸಿದರು. ಅಲ್ಲಿ ತೀರ್ಮಾನ ಮಾಡಿದ್ದು ಕೇಂದ್ರ ಸರ್ಕಾರ ಒಂದೇ. ಉಳಿದ ರಾಜ್ಯಗಳು ಕೂತು ಮತ ಹಾಕುವ ಪದ್ಧತಿ ಇಲ್ಲ. ಕೂಲಿಯವರ ಪಾಲಿಗೆ ಮೂರು ವರ್ಷ ಕೆಲಸವೇ ನಿಂತಿತು. 2025ರ ಜೂನ್‌ನಲ್ಲಿ ಕಲ್ಕತ್ತಾ ಹೈಕೋರ್ಟ್, ಅಕ್ರಮ ತಡೆಯಲು ಬೇಕಾದ ಷರತ್ತು ಹಾಕಿ, ಆದರೆ ಆಗಸ್ಟ್ 1ರಿಂದ ಯೋಜನೆ ಶುರುಮಾಡಿ ಅಂದಿತು. ಒಕ್ಕೂಟದ ಕಾನೂನಿನಲ್ಲಿರುವ ‘ಫಲಾನುಭವಿಗೆ ಕೊಡಲೇಬೇಕು’ ಅನ್ನುವ ಸಾಲು ಎಷ್ಟು ಬೆಲೆಬಾಳುವಂಥದ್ದು ಅಂತ ಇಂಥ ಕಡೆ ತಿಳಿಯುತ್ತದೆ.

ಒಟ್ಟಿನಲ್ಲಿ ಇದರಿಂದ ಕೆಲಸ ಆಯಿತಾ?

ಭಾಗಶಃ. ಪೋಲೆಂಡ್‌ನ ಶಿಸ್ತುಪೀಠ 2022ರ ಜುಲೈಯಲ್ಲಿ ರದ್ದಾಯಿತು, ಅದರ ಜಾಗಕ್ಕೆ ಬಂದ ಪೀಠದ ಬಗ್ಗೆ ಅನುಮಾನ ಉಳಿಯಿತು. ಹಂಗೆರಿಯಲ್ಲಿ ಭ್ರಷ್ಟಾಚಾರದ ಮೇಲೆ ಕಣ್ಣಿಡುವ ಒಂದು ಸ್ವತಂತ್ರ ಪ್ರಾಧಿಕಾರ 2022ರ ನವೆಂಬರ್‌ನಲ್ಲಿ ಬಂತು. ಹಣದ ಒತ್ತಡ ಇಲ್ಲದಿದ್ದರೆ ಇವೆರಡೂ ಆಗುತ್ತಿರಲಿಲ್ಲ. ಆದರೆ ಹಣ ತಡೆದದ್ದರಿಂದ ಯಾವ ಸರ್ಕಾರವೂ ತನ್ನ ದಾರಿಯನ್ನೇ ಬದಲಿಸಲಿಲ್ಲ. ಪೋಲೆಂಡ್‌ನಲ್ಲಿ ಬದಲಿಸಿದ್ದು ಮತದಾರರು. ಆ ಚುನಾವಣೆಯಲ್ಲಿ ‘ನಿಂತ ಹಣ ತರುತ್ತೇವೆ’ ಅನ್ನುವುದು ವಿರೋಧ ಪಕ್ಷದ ದೊಡ್ಡ ಭರವಸೆಗಳಲ್ಲಿ ಒಂದಾಗಿತ್ತು.

ನನ್ನ ಮಟ್ಟಿಗೆ ಈ ಕಾನೂನಿನ ದೊಡ್ಡ ಕೊರತೆ ಅದು ತಡವಾಗಿ ಬಂದದ್ದು. 2012ರಲ್ಲಿ ಹಂಗೆರಿಯ ನ್ಯಾಯಾಧೀಶರು ಮನೆಗೆ ಹೋದಾಗ ಇದ್ದಿದ್ದರೆ ಹತ್ತು ವರ್ಷದ ಹಾನಿಯಲ್ಲಿ ಒಂದಿಷ್ಟಾದರೂ ತಪ್ಪುತ್ತಿತ್ತು.

ಮುಂದೇನು?

2028ರಿಂದ 2034ರ ಬಜೆಟ್ಟಿಗೆ ಆಯೋಗ 2025ರ ಜುಲೈ 16ರಂದು ಪ್ರಸ್ತಾವ ಇಟ್ಟಿತು, ಸುಮಾರು 2 ಲಕ್ಷ ಕೋಟಿ ಯೂರೊ. ಪ್ರತಿ ದೇಶಕ್ಕೂ ಒಂದೇ ದೊಡ್ಡ ಯೋಜನೆ, ಅದರ ಹಣಕ್ಕೆಲ್ಲ ಕಾನೂನಿನ ಆಳ್ವಿಕೆಯ ಷರತ್ತು ಅನ್ನುವುದು ಅದರ ಒಂದು ಮುಖ್ಯ ಅಂಶ. ಈ ಬಜೆಟ್ಟಿಗೂ 2020ರ ಹಾಗೆ ಎಲ್ಲ 27 ದೇಶಗಳ ಒಪ್ಪಿಗೆ ಬೇಕು.